ಒಂದು ಒಲೆ, ಹಲವು ಯಜಮಾನರು

ನಮ್ಮ ಮನೆಗಳ ನಡುಮನೆಯಲ್ಲಿ ಫ್ಯಾನಿನ ರೆಗ್ಯುಲೇಟರ್ ಒಂದೇ ಇರುತ್ತದೆ, ಅದರ ಕೆಳಗೆ ಮಲಗುವವರು ನಾಲ್ಕೈದು ಜನ. ಅಜ್ಜಿಗೆ ಫ್ಯಾನು ಒಂದರಲ್ಲಿ ತಿರುಗಿದರೆ ಸಾಕು, ಜಾಸ್ತಿಯಾದರೆ ಮೈಕೈ ಹಿಡಿದುಕೊಳ್ಳುತ್ತದೆ. ಹುಡುಗರಿಗೆ ಐದಕ್ಕಿಟ್ಟರೂ ಸಾಲದು. ರಾತ್ರಿ ಒಬ್ಬರು ಎದ್ದು ಹೆಚ್ಚಿಸುತ್ತಾರೆ, ಇನ್ನೊಬ್ಬರು ಎದ್ದು ಇಳಿಸುತ್ತಾರೆ. ಇಂಥ ಜಗಳಕ್ಕೂ ಒಂದು ಚರಿತ್ರೆ ಇರಬಹುದೆಂದು ನಮಗೆ ಸಾಮಾನ್ಯವಾಗಿ ತೋಚುವುದಿಲ್ಲ. ಚಳಿದೇಶಗಳಲ್ಲಿ ಈ ಜಗಳ ಹೆಚ್ಚು ದುಬಾರಿಯದು. ಅದಕ್ಕೆ ಪೇಟೆಂಟುಗಳಿವೆ, ಕಂಪನಿಗಳಿವೆ, ಕಾನೂನುಗಳಿವೆ.

ಅಮೆರಿಕ, ಕೆನಡಾಗಳ ಬಹಳಷ್ಟು ಮನೆಗಳಲ್ಲಿ ಕೋಣೆಗೊಂದು ಎಸಿ ಇರುವುದಿಲ್ಲ. ನೆಲಮಾಳಿಗೆಯಲ್ಲೋ ಅಟ್ಟದಲ್ಲೋ ಕುಳಿತ ಒಂದೇ ಯಂತ್ರ ಇಡೀ ಮನೆಗೆ ಚಳಿಗಾಲದಲ್ಲಿ ಬಿಸಿಗಾಳಿ, ಬೇಸಿಗೆಯಲ್ಲಿ ತಂಪುಗಾಳಿ ಊದುತ್ತದೆ. ಅದಕ್ಕೆ ಅಪ್ಪಣೆ ಕೊಡುವುದು ಗೋಡೆಯ ಮೇಲಿನ ಥರ್ಮೋಸ್ಟಾಟ್. ಈಗ ಮೊಬೈಲಿನಿಂದಲೇ ನಿಯಂತ್ರಿಸಬಹುದಾದ ‘ಸ್ಮಾರ್ಟ್’ ಥರ್ಮೋಸ್ಟಾಟುಗಳು ಬಂದಿವೆ. ಹಾಗಾಗಿ ಜನ ಮಹಡಿಗೊಂದು, ಕೋಣೆಗೊಂದು ತೂಗುಹಾಕಿ, ಎಲ್ಲವೂ ಸೇರಿ ಆ ಒಂದೇ ಯಂತ್ರವನ್ನು ನಡೆಸಲಿ ಎಂದು ಬಯಸುತ್ತಾರೆ. ಬಿಸಿಗಾಳಿ ಮೇಲಕ್ಕೇರುವುದರಿಂದ ಮೇಲಿನ ಮಹಡಿ ಸೆಕೆ, ಕೆಳಗಿನದು ಚಳಿ. ಚಳಿಗಾಲ ಮುಗಿದು ಬೇಸಿಗೆ ಇನ್ನೂ ಬಾರದ ದಿನಗಳಲ್ಲಿ ಮೇಲಿನ ಪೆಟ್ಟಿಗೆ ‘ತಂಪು ಕೊಡು’ ಎನ್ನುತ್ತದೆ, ಕೆಳಗಿನದು ‘ಬಿಸಿ ಕೊಡು’ ಎನ್ನುತ್ತದೆ. ಯಂತ್ರ ಯಾರ ಮಾತು ಕೇಳಬೇಕು?

ಮೇಲ್ನೋಟಕ್ಕೆ ಇದು ಎಲೆಕ್ಟ್ರಿಷಿಯನ್‌ಗೆ ಕೇಳಬೇಕಾದ ಪ್ರಶ್ನೆ. ಇದರ ಹಿಂದಿನ ಕತೆಯನ್ನು ಓದುತ್ತ ಹೋದಂತೆ ನನಗೆ ಕಂಡದ್ದು ಬೇರೆ. ಒಂದು ಒಲೆಯನ್ನು ಹಲವರು ಹಂಚಿಕೊಂಡಾಗಲೆಲ್ಲ, ಯಾರ ಮೈಯ ಚಳಿ ಲೆಕ್ಕಕ್ಕೆ ಬರುತ್ತದೆ, ಯಾರದು ಬರುವುದಿಲ್ಲ ಎಂಬುದನ್ನು ಯಾರೋ ಮೊದಲೇ ತೀರ್ಮಾನಿಸಿರುತ್ತಾರೆ. ಥರ್ಮೋಸ್ಟಾಟಿನ ಚರಿತ್ರೆಯೆಂದರೆ ಆ ತೀರ್ಮಾನಗಳ ಚರಿತ್ರೆ.

ಮೊಟ್ಟೆ, ಗಡಿಯಾರ, ಗಿರಣಿ

ತನ್ನ ಕಾವನ್ನು ತಾನೇ ನೋಡಿಕೊಳ್ಳುವ ಸಾಧನವನ್ನು ಮೊದಲು ಮಾಡಿದವರಲ್ಲಿ ಕಾರ್ನೆಲಿಸ್ ಡ್ರೆಬೆಲ್ (1572-1633) ಒಬ್ಬ. ಹಾಲೆಂಡಿನಿಂದ ಬಂದು ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸನ ಆಶ್ರಯದಲ್ಲಿದ್ದವನು. ಕೋಳಿಯಿಲ್ಲದೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯೊಂದನ್ನು ಅವನು ರೂಪಿಸಿದ. ಪೆಟ್ಟಿಗೆ ಬಿಸಿಯಾದಂತೆ ಒಳಗಿನ ಮದ್ಯಸಾರ ಹಿಗ್ಗಿ ಪಾದರಸವನ್ನು ತಳ್ಳುತ್ತಿತ್ತು, ಪಾದರಸ ಮೇಲೇರಿ ಬೆಂಕಿಗೆ ಗಾಳಿ ಹೋಗುವ ಕಿಂಡಿಯನ್ನು ಮುಚ್ಚುತ್ತಿತ್ತು. ಬೆಂಕಿ ಕುಗ್ಗಿ ಪೆಟ್ಟಿಗೆ ತಣ್ಣಗಾದರೆ ಕಿಂಡಿ ಮತ್ತೆ ತೆರೆಯುತ್ತಿತ್ತು. ಮೊಟ್ಟೆಗಳೆಲ್ಲಕ್ಕೂ ಬೇಕಾದದ್ದು ಒಂದೇ ಕಾವು, ಆದ್ದರಿಂದ ಅಲ್ಲಿ ತಕರಾರಿಗೆ ಎಡೆಯಿರಲಿಲ್ಲ.

ಮುಂದಿನ ಶತಮಾನದಲ್ಲಿ ಹಡಗಿನ ಗಡಿಯಾರಗಳನ್ನು ಮಾಡುತ್ತಿದ್ದ ಜಾನ್ ಹ್ಯಾರಿಸನ್ ಎರಡು ಲೋಹಗಳ ಪಟ್ಟಿಗಳನ್ನು ಬೆಸೆದು ಒಂದು ಮಾಡಿದ. ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಬಿಸಿ ತಗುಲಿದರೆ ಪಟ್ಟಿ ಬಾಗುತ್ತದೆ. ಸೆಕೆ ಚಳಿಗಳಿಂದ ಗಡಿಯಾರದ ವೇಗ ಏರುಪೇರಾಗುವುದನ್ನು ಸರಿಪಡಿಸಲು ಅವನು ಈ ಬಾಗುವಿಕೆಯನ್ನು ಬಳಸಿದ. ಅದೇ ತತ್ವವನ್ನು ಕೋಣೆಯ ಕಾವಿಗೆ ತಂದವನು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಆಂಡ್ರೂ ಯೂರ್. 1830ರಲ್ಲಿ ಪೇಟೆಂಟ್ ಪಡೆದ ತನ್ನ ಸಾಧನಕ್ಕೆ ಗ್ರೀಕಿನಿಂದ ‘ಥರ್ಮೋಸ್ಟಾಟ್’ ಎಂದು ಹೆಸರಿಟ್ಟವನೂ ಅವನೇ. ಕಾವನ್ನು ನಿಲ್ಲಿಸಿ ಹಿಡಿಯುವುದು ಎಂದು ಅರ್ಥ.

ಯೂರ್‌ನ ಕಣ್ಣಿದ್ದದ್ದು ಬಟ್ಟೆ ಗಿರಣಿಗಳ ಮೇಲೆ. ಐದು ವರ್ಷಗಳ ನಂತರ, ಅಂದರೆ 1835ರಲ್ಲಿ, ಕಾರ್ಖಾನೆ ಪದ್ಧತಿಯನ್ನು ಹುರುಪಿನಿಂದ ಸಮರ್ಥಿಸುವ ಪುಸ್ತಕವನ್ನೇ ಬರೆದ. ಮನುಷ್ಯರ ಚಂಚಲತೆಯನ್ನು ಯಂತ್ರದ ಶಿಸ್ತಿಗೆ ಒಗ್ಗಿಸುವುದು ಅವನಿಗೆ ದೊಡ್ಡ ಸಾಧನೆಯಾಗಿ ಕಂಡಿತ್ತು. ಗಿರಣಿಗೆ ಧಣಿ ಒಬ್ಬನೇ. ಯಾವ ಕಾವು ಬೇಕೆಂದು ಮಗ್ಗದ ಮುಂದೆ ನಿಂತವರನ್ನು ಯಾರೂ ಕೇಳುತ್ತಿರಲಿಲ್ಲ.

ಸಂಸತ್ತಿನ ಗಾಳಿ

ಕೇಳಲೇಬೇಕಾದ ಜನ ಒಂದೇ ಕೋಣೆಯಲ್ಲಿ ಸೇರಿದರೆ ಏನಾಗುತ್ತದೆ ಎನ್ನುವುದು ಅದೇ ಕಾಲದಲ್ಲಿ ಲಂಡನ್ನಿನಲ್ಲಿ ಗೊತ್ತಾಯಿತು. 1834ರಲ್ಲಿ ಬ್ರಿಟಿಷ್ ಸಂಸತ್ ಭವನ ಸುಟ್ಟುಹೋದ ಮೇಲೆ ಕೆಳಮನೆಯ ಸದಸ್ಯರು ತಾತ್ಕಾಲಿಕ ಸಭಾಂಗಣದಲ್ಲಿ ಕೂರಬೇಕಾಯಿತು. ಅದರ ಗಾಳಿ ಬಿಸಿಗಳ ವ್ಯವಸ್ಥೆಯನ್ನು ಎಡಿನ್‌ಬರೋದ ಡೇವಿಡ್ ಬಾಸ್ವೆಲ್ ರೀಡ್ 1836ರಲ್ಲಿ ರೂಪಿಸಿದ. ಹದಗೊಳಿಸಿದ ಗಾಳಿ ನೆಲದ ಸಣ್ಣ ತೂತುಗಳಿಂದ ಮೇಲೆ ಬರುತ್ತಿತ್ತು. ಹೊರಗೆ ಬೆಂಕಿ ಉರಿಸಿದ ದೊಡ್ಡ ಚಿಮಣಿಯೊಂದು ಬಳಸಿದ ಗಾಳಿಯನ್ನು ಚಾವಣಿಯ ಮೂಲಕ ಸೆಳೆದುಕೊಳ್ಳುತ್ತಿತ್ತು.

ಆ ಕಾಲಕ್ಕೆ ಅದು ಅದ್ಭುತ. ಆದರೆ ಗಾಳಿ ಒಂದೇ, ಬಾಯಿ ನೂರಾರು. ಒಂದೇ ಹೊತ್ತಿಗೆ ಒಬ್ಬ ಸದಸ್ಯ ಸೆಕೆಯೆಂದೂ ಇನ್ನೊಬ್ಬ ಚಳಿಯೆಂದೂ ದೂರುತ್ತಿದ್ದರು. ದೂರುಗಳನ್ನು ಕೇಳಿ, ಉಷ್ಣಮಾಪಕ ನೋಡಿ, ಕವಾಟಗಳನ್ನು ಹೊಂದಿಸಲು ಆಳುಗಳಿದ್ದರು. ಹೊಸ ಅರಮನೆ ಕಟ್ಟುವಾಗ ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿಯೊಂದಿಗೆ ರೀಡ್‌ನ ಜಗಳ ವರ್ಷಗಟ್ಟಲೆ ನಡೆಯಿತು. 1852ರಲ್ಲಿ ರೀಡ್ ಕೆಲಸವನ್ನೇ ಕಳೆದುಕೊಂಡ. ಎಲ್ಲರ ಮಾತಿಗೂ ಬೆಲೆಯಿರುವ ಕೋಣೆಯಲ್ಲಿ ಎಲ್ಲರಿಗೂ ಒಪ್ಪುವ ಕಾವು ಸಿಗಲಿಲ್ಲ.

ಜವಾನನ ಗಂಟೆ

ನಮ್ಮ ಪ್ರಶ್ನೆಯ ಆಧುನಿಕ ರೂಪ ಹುಟ್ಟಿದ್ದು ಒಂದು ತರಗತಿಯಲ್ಲಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ವಾರೆನ್ ಜಾನ್ಸನ್ ಪ್ರಾಧ್ಯಾಪಕ. ಪಾಠದ ನಡುವೆ ಜವಾನ ಒಳಗೆ ಬಂದು ಉಷ್ಣಮಾಪಕ ನೋಡಿ, ನೆಲಮಾಳಿಗೆಗೆ ಇಳಿದು ಬಿಸಿಗಾಳಿಯ ಕಿಂಡಿಗಳನ್ನು ಹೊಂದಿಸಬೇಕಿತ್ತು. ಪಾಠಕ್ಕೆ ಅಡ್ಡಿ, ಕೋಣೆ ಒಮ್ಮೆ ಸೆಕೆ ಒಮ್ಮೆ ಚಳಿ. 1883ರಲ್ಲಿ ಜಾನ್ಸನ್ ಒಂದು ಸಾಧನಕ್ಕೆ ಪೇಟೆಂಟ್ ಪಡೆದರು. ಕೋಣೆಯ ಕಾವು ಬದಲಾದರೆ ಅದು ವಿದ್ಯುತ್ತಿನಿಂದ ನೆಲಮಾಳಿಗೆಯಲ್ಲಿ ಗಂಟೆ ಬಾರಿಸುತ್ತಿತ್ತು. ಗಂಟೆ ಕೇಳಿದ ಜವಾನ ಕಿಂಡಿ ಸರಿಪಡಿಸುತ್ತಿದ್ದ.

ಥರ್ಮೋಸ್ಟಾಟ್ ಇಲ್ಲಿ ನೇರವಾಗಿ ಯಂತ್ರಕ್ಕೆ ಹೇಳದೆ ಒಬ್ಬ ಮನುಷ್ಯನಿಗೆ ಹೇಳುತ್ತಿದೆ. ಭಾರತದ ಓದುಗರಿಗೆ ಇದು ಪಂಖಾ ಎಳೆಯುವವನನ್ನು ನೆನಪಿಸದೆ ಇರದು. ಅದೇ ಶತಮಾನದಲ್ಲಿ ಇಲ್ಲಿನ ಬ್ರಿಟಿಷರ ಬಂಗಲೆ, ಕೋರ್ಟು, ಬ್ಯಾರಕ್ಕುಗಳಲ್ಲಿ ಚಾವಣಿಯಿಂದ ತೂಗುವ ಬಟ್ಟೆಯ ಪಂಖಾಗಳಿಗೆ ಕಟ್ಟಿದ ಹಗ್ಗ ಗೋಡೆಯ ತೂತಿನಿಂದ ಜಗುಲಿಗೆ ಬರುತ್ತಿತ್ತು. ಉದ್ದನೆಯ ಬ್ಯಾರಕ್ಕಿನಲ್ಲಿ ಹಲವು ಪಂಖಾಗಳನ್ನು ಒಂದೇ ಹಗ್ಗಕ್ಕೆ ಜೋಡಿಸುವುದೂ ಇತ್ತು. ಒಬ್ಬ ಎಳೆದರೆ ಹಲವರಿಗೆ ಗಾಳಿ. ಒಳಗಿದ್ದವರಿಗೆ ಅವನು ಕಾಣಬೇಕಿಲ್ಲ, ಅವನಿಗೆ ಆ ಗಾಳಿ ತಾಕಬೇಕಿಲ್ಲ. ರಾತ್ರಿ ತೂಕಡಿಸಿ ಹಗ್ಗ ನಿಂತರೆ ಒದೆ ಬೀಳುತ್ತಿತ್ತು. ಸಿಪಾಯಿಗಳ ಹೊಡೆತಕ್ಕೆ ಸತ್ತ ಪಂಖಾ ಕೂಲಿಗಳ ಪ್ರಕರಣಗಳು ವಸಾಹತು ಕಾಲದ ದಾಖಲೆಗಳಲ್ಲಿವೆ. ವೈಟ್‌ವಾಟರಿನ ಜವಾನನನ್ನು ಇವನ ಪಕ್ಕದಲ್ಲಿ ಸರಿಸಮ ನಿಲ್ಲಿಸಲಾಗದು. ಅವನು ಸಂಬಳದ ಕೆಲಸಗಾರ, ಇವನು ಆಳಿಸಿಕೊಂಡ ಜನರಲ್ಲಿ ಒಬ್ಬ. ಆದರೂ ಎರಡೂ ಕಡೆ ಹಾಯಾಗಿದ್ದವರು ಒಳಗೆ, ಆ ಹಾಯಿಗಾಗಿ ದುಡಿದವರು ಕಣ್ಣಿಗೆ ಬೀಳದ ಕಡೆ.

ಜಾನ್ಸನ್ ಅಲ್ಲಿಗೇ ನಿಲ್ಲಲಿಲ್ಲ. 1885ರಲ್ಲಿ ಮಿಲ್ವಾಕೀ ನಗರದಲ್ಲಿ ಕಂಪನಿ ಕಟ್ಟಿದರು, ಇಂದಿನ ಜಾನ್ಸನ್ ಕಂಟ್ರೋಲ್ಸ್ ಅದರದೇ ಮುಂದುವರಿಕೆ. 1895ರಲ್ಲಿ ಒತ್ತಡದ ಗಾಳಿಯಿಂದ ನಡೆಯುವ ವ್ಯವಸ್ಥೆಗೆ ಪೇಟೆಂಟ್ ಪಡೆದರು. ಪ್ರತಿ ಕೋಣೆಯ ಥರ್ಮೋಸ್ಟಾಟ್ ಸಣ್ಣ ಕೊಳವೆಯೊಳಗಿನ ಗಾಳಿಯ ಒತ್ತಡವನ್ನು ಬದಲಿಸಿ, ಆ ಕೋಣೆಗೆ ಬರುವ ಬಿಸಿಯ ಕವಾಟವನ್ನು ತೆರೆಯುತ್ತಿತ್ತು ಅಥವಾ ಮುಚ್ಚುತ್ತಿತ್ತು. ಕೆಳಗೆ ಬಾಯ್ಲರ್ ಒಂದೇ, ಮೇಲೆ ಕೋಣೆಗೊಂದು ಥರ್ಮೋಸ್ಟಾಟ್. ಅಂದರೆ ಇವತ್ತು ಹೊಸದೆಂದು ಮಾರುತ್ತಿರುವ ಕಲ್ಪನೆಗೆ ನೂರ ಮೂವತ್ತು ವರ್ಷ ದಾಟಿದೆ.

ಅದು ಕೆಲಸ ಮಾಡಿದ್ದಕ್ಕೆ ಕಾರಣ ಹಬೆ. ಹಬೆಯೋ ಬಿಸಿನೀರೋ ಕೊಳವೆಯಲ್ಲಿ ಕಾಯುತ್ತಿರುತ್ತದೆ, ಬೇಕಾದ ಕೋಣೆ ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಬಿಡುತ್ತದೆ. ಕೆರೆಯ ಕಾಲುವೆಗೆ ತೂಬು ಇಟ್ಟ ಹಾಗೆ. ನನ್ನ ಗದ್ದೆಯ ತೂಬು ಮುಚ್ಚಿದರೆ ನಿನ್ನ ಗದ್ದೆಗೆ ತೊಂದರೆಯಿಲ್ಲ. ಆದರೆ ಇಷ್ಟು ಕೊಳವೆ, ಕವಾಟಗಳಿಗೆ ಹಣ ಬೇಕು. ಆದ್ದರಿಂದ ಅದು ಹೆಚ್ಚಾಗಿ ಹೋದದ್ದು ದೊಡ್ಡ ಶಾಲೆ, ಕಚೇರಿ, ಸಾರ್ವಜನಿಕ ಕಟ್ಟಡಗಳಿಗೆ.

ಓಣಿಯ ದೊರೆ

ಸಾಮಾನ್ಯರ ಮನೆಗೆ ಬಂದದ್ದು ಬೇರೆ ದಾರಿಯಲ್ಲಿ. ಮಿನಿಯಾಪೊಲಿಸ್‌ನ ಆಲ್ಬರ್ಟ್ ಬುಟ್ಜ್ ಕಲ್ಲಿದ್ದಲ ಕುಲುಮೆಗೆ ಒಂದು ಸಾಧನ ಮಾಡಿ 1886ರಲ್ಲಿ ಪೇಟೆಂಟ್ ಪಡೆದ. ಮನೆ ತಣ್ಣಗಾದರೆ ಥರ್ಮೋಸ್ಟಾಟ್ ಒಂದು ಸಣ್ಣ ಮೋಟಾರನ್ನು ಬಿಡುಗಡೆ ಮಾಡುತ್ತಿತ್ತು, ಮೋಟಾರು ಸರಪಳಿಯೆಳೆದು ಕುಲುಮೆಯ ಗಾಳಿಕಿಂಡಿಯನ್ನು ತೆರೆಯುತ್ತಿತ್ತು. ಬೆಳಗಿನ ಜಾವ ಚಳಿಯಲ್ಲಿ ಎದ್ದು ಕಿಂಡಿ ತೆರೆಯುವ ಕೆಲಸ ತಪ್ಪಿತು. ಆ ಕಂಪನಿ ಕೈಬದಲಾಗುತ್ತ ಹೋಗಿ, 1927ರ ವಿಲೀನದ ನಂತರ ಹನಿವೆಲ್ ಎಂಬ ಹೆಸರು ಸೇರಿಸಿಕೊಂಡಿತು. 1953ರಲ್ಲಿ ವಿನ್ಯಾಸಕ ಹೆನ್ರಿ ಡ್ರೇಫಸ್ ಅದಕ್ಕೆ ರೂಪಿಸಿದ ದುಂಡನೆಯ ಥರ್ಮೋಸ್ಟಾಟ್ ಅಮೆರಿಕದ ಗೋಡೆಗಳ ಗುರುತೇ ಆಯಿತು.

ದುಂಡನೆಯ ಆ ಪೆಟ್ಟಿಗೆ ಮನೆಗೊಂದೇ. ಅದರ ಜಾಗ ಹೆಚ್ಚಾಗಿ ಕೋಣೆಗಳ ನಡುವಿನ ಓಣಿಯ ಗೋಡೆ. ಬಿಸಿಲು ಬೀಳಬಾರದು, ಅಡುಗೆ ಒಲೆಯ ಝಳ ತಾಕಬಾರದು, ಹೊರಬಾಗಿಲ ಗಾಳಿ ಬಡಿಯಬಾರದು ಎಂದು ಆರಿಸಿದ ಜಾಗ. ಅಳತೆಗೆ ಅದು ಸರಿ. ಆದರೆ ಓಣಿಯಲ್ಲಿ ಯಾರೂ ಕೂರುವುದಿಲ್ಲ, ಮಲಗುವುದಿಲ್ಲ. ಯಾರೂ ಇಲ್ಲದ ಜಾಗದ ಕಾವು ಎಲ್ಲರ ಕಾವನ್ನೂ ನಿರ್ಧರಿಸತೊಡಗಿತು. ಓಣಿ ಬೆಚ್ಚಗಾದೊಡನೆ ಯಂತ್ರ ನಿಲ್ಲುತ್ತದೆ, ಉತ್ತರದ ಮೂಲೆಯ ಕೋಣೆಯ ಮಗು ನಡುಗುತ್ತಿದ್ದರೂ ಅದಕ್ಕೆ ತಿಳಿಯದು.

ಒಂದೇ ಗುಬುಟು ಇದ್ದುದರಿಂದ ಅದನ್ನು ಮುಟ್ಟುವ ಹಕ್ಕು ಸಂಸಾರದ ರಾಜಕೀಯವಾಯಿತು. ಬಿಲ್ಲು ಕಟ್ಟುವ ಅಪ್ಪ ಥರ್ಮೋಸ್ಟಾಟನ್ನು ಕಾವಲು ಕಾಯುವುದು ಅಮೆರಿಕದ ಹಾಸ್ಯದಲ್ಲಿ ಹಳೆಯ ಸರಕು. ತೈಲ ಬಿಕ್ಕಟ್ಟಿನ ದಿನಗಳಲ್ಲಿ ಇದು ದೇಶದ ರಾಜಕೀಯವೂ ಆಯಿತು. 1977ರ ಫೆಬ್ರುವರಿ 2ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಉಣ್ಣೆಯ ಕಾರ್ಡಿಗನ್ ತೊಟ್ಟು, ಉರಿಯುವ ಒಲೆಯ ಪಕ್ಕ ಕೂತು ಟಿವಿಯಲ್ಲಿ ಮಾತಾಡಿದರು. ಹಗಲು 65, ರಾತ್ರಿ 55 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿ ಎಂದು ಕೇಳಿಕೊಂಡರು. ನಮ್ಮ ಲೆಕ್ಕದಲ್ಲಿ ಸುಮಾರು 18 ಮತ್ತು 13 ಡಿಗ್ರಿ ಸೆಲ್ಸಿಯಸ್. 1979ರಲ್ಲಿ ಕಚೇರಿ, ಅಂಗಡಿಗಳಂಥ ಕಟ್ಟಡಗಳಿಗೆ ಕಾವಿನ ಮಿತಿಯ ನಿಯಮವೇ ಬಂತು. 1981ರಲ್ಲಿ ರೊನಾಲ್ಡ್ ರೇಗನ್ ಅದನ್ನು ತೆಗೆದುಹಾಕಿದರು.

ಯಾರ ಮಾತು ನಡೆಯಬೇಕು

ಈ ನಡುವೆ ಮನೆಗಳ ಒಳಗಿನ ಯಂತ್ರವೂ ಬದಲಾಗಿತ್ತು. ಹಬೆಯ ಕೊಳವೆಗಳ ಬದಲು ತಗಡಿನ ಡಕ್ಟುಗಳು, ಅವುಗಳಲ್ಲಿ ಗಾಳಿ ಊದುವ ಒಂದು ದೊಡ್ಡ ಫ್ಯಾನು. ಅದೇ ಡಕ್ಟಿನಲ್ಲಿ ಬೇಸಿಗೆಗೆ ಏರ್ ಕಂಡೀಷನರಿನ ತಂಪೂ ಬರುತ್ತದೆ. ಖರ್ಚು ಉಳಿಯಿತು, ಆದರೆ ತೂಬಿನ ಸೌಲಭ್ಯ ಹೋಯಿತು. ಡಕ್ಟಿನಲ್ಲಿ ಒಂದು ಹೊತ್ತಿಗೆ ಒಂದೋ ಬಿಸಿ, ಇಲ್ಲವೇ ತಂಪು.

ಥರ್ಮೋಸ್ಟಾಟ್ ಎಷ್ಟೇ ಸ್ಮಾರ್ಟ್ ಆದರೂ ಮೂಲತಃ ಅದೊಂದು ಸ್ವಿಚ್ಚು. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿ 24 ವೋಲ್ಟಿನ ಸಣ್ಣ ತಂತಿಗಳು. ವಾಡಿಕೆಯಂತೆ ಬಿಳಿಯದು ಬಿಸಿಗೆ, ಹಳದಿಯದು ತಂಪಿಗೆ, ಹಸಿರು ಫ್ಯಾನಿಗೆ. ಎರಡು ಥರ್ಮೋಸ್ಟಾಟುಗಳನ್ನು ಸುಮ್ಮನೆ ಒಂದೇ ತಂತಿಗಳಿಗೆ ಜೋಡಿಸಿದರೆ, ಯಾವುದಾದರೂ ಒಂದು ಕೇಳಿದರೂ ಯಂತ್ರ ಓಡುತ್ತದೆ. ಚಳಿಯ ಕೋಣೆ ಬೆಚ್ಚಗಾಗುವ ತನಕ ಬೆಚ್ಚಗಿದ್ದ ಕೋಣೆ ಬೇಯುತ್ತದೆ. ಹೆಚ್ಚು ಕೇಳುವವನದೇ ರಾಜ್ಯ. ಒಂದು ಬಿಸಿಯನ್ನೂ ಇನ್ನೊಂದು ತಂಪನ್ನೂ ಕೇಳಿದರೆ ಇನ್ನೂ ಅಧ್ವಾನ. ಕುಲುಮೆ ಮತ್ತು ಕಂಪ್ರೆಸರ್ ಎರಡೂ ಒಟ್ಟಿಗೆ ಓಡಿ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತವೆ.

ಆದ್ದರಿಂದ ಸರಿಯಾಗಿ ಮಾಡುವವರು ನಡುವೆ ಒಂದು ನಿಯಂತ್ರಣ ಫಲಕ ಇಡುತ್ತಾರೆ. ಥರ್ಮೋಸ್ಟಾಟುಗಳು ಫಲಕಕ್ಕೆ ಹೇಳಬೇಕು, ಫಲಕ ಯಂತ್ರಕ್ಕೆ ಹೇಳುತ್ತದೆ. ಮನೆಯ ಒಂದೊಂದು ಭಾಗಕ್ಕೆ ಹೋಗುವ ಡಕ್ಟಿನೊಳಗೆ ಮೋಟಾರಿನಿಂದ ತಿರುಗುವ ತಗಡಿನ ಬಾಗಿಲುಗಳಿರುತ್ತವೆ, ಕೇಳಿದ ಭಾಗದ ಬಾಗಿಲನ್ನಷ್ಟೇ ಫಲಕ ತೆರೆಯುತ್ತದೆ. ವಿರುದ್ಧ ಬೇಡಿಕೆ ಬಂದರೆ ಒಬ್ಬರು ಕಾಯಬೇಕು. ಬಿಸಿಗೆ ಮೊದಲ ಹಕ್ಕೋ, ಮೊದಲು ಕೇಳಿದವರಿಗೋ ಎಂಬ ನಿಯಮವನ್ನು ಫಲಕದಲ್ಲಿ ಮೊದಲೇ ಹಾಕಿಟ್ಟಿರುತ್ತಾರೆ. ಕಂಪ್ರೆಸರ್ ಹಾಳಾಗದಂತೆ ನಡುವೆ ಕೆಲವು ನಿಮಿಷ ಬಿಡುವನ್ನೂ ಕೊಡಬೇಕು. ಸಣ್ಣ ಕೋಣೆಯೊಂದರ ಬಾಗಿಲು ಮಾತ್ರ ತೆರೆದಿದ್ದರೆ ಇಡೀ ಮನೆಗೆಂದು ಮಾಡಿದ ಫ್ಯಾನಿನ ಗಾಳಿಯೆಲ್ಲ ಅಲ್ಲಿಗೇ ನುಗ್ಗಿ ಸಿಳ್ಳೆ ಹೊಡೆಯುತ್ತದೆ. ಅದಕ್ಕೂ ಬೇರೆ ಉಪಾಯ ಬೇಕು.

2011ರಲ್ಲಿ ಬಂದ ನೆಸ್ಟ್ ಮನೆಯವರ ರೂಢಿಯನ್ನು ತಾನೇ ಕಲಿಯುತ್ತೇನೆಂದಿತು. ಕೆನಡಾದ ಇಕೋಬೀ ಇನ್ನೊಂದು ದಾರಿ ಹಿಡಿದು, 2014ರ ಮಾದರಿಯಲ್ಲಿ ಕೋಣೆಗಳಲ್ಲಿಡುವ ಸಣ್ಣ ಸೆನ್ಸರುಗಳನ್ನು ಕೊಟ್ಟಿತು. ಆಜ್ಞೆ ಕೊಡುವುದು ಒಂದೇ ಪೆಟ್ಟಿಗೆ, ಸುದ್ದಿ ತರುವವರು ಹಲವರು. ಜನರಿರುವ ಕೋಣೆಗಳ ಸರಾಸರಿ ನೋಡಿ ತೀರ್ಮಾನ. ಸರಾಸರಿ ಎಂಬುದು ನ್ಯಾಯದಂತೆ ಕೇಳಿಸುತ್ತದೆ. ಆದರೆ ಒಂದು ಕೋಣೆ 18, ಇನ್ನೊಂದು 26 ಡಿಗ್ರಿಯಿದ್ದರೆ ಸರಾಸರಿ 22. ಯಂತ್ರಕ್ಕೆ ತೃಪ್ತಿ, ಎರಡೂ ಕೋಣೆಯವರಿಗೆ ಅತೃಪ್ತಿ. ಬಾಗಿಲಿಲ್ಲದ ಡಕ್ಟಿನಲ್ಲಿ ಎಷ್ಟು ಸೆನ್ಸರಿಟ್ಟರೂ ಗಾಳಿ ಹಂಚಿಕೆಯಾಗುವುದಿಲ್ಲ. ಯಾರ ಅಹವಾಲಿಗೆ ಎಷ್ಟು ತೂಕ ಎಂಬುದಷ್ಟೇ ಬದಲಾಗುತ್ತದೆ.

ಕಚೇರಿಗಳಲ್ಲಿ ಇದಕ್ಕಿಂತ ಸುಲಭದ ಪರಿಹಾರವೊಂದಿದೆ. ಯಾವ ತಂತಿಗೂ ಜೋಡಿಸದ ಥರ್ಮೋಸ್ಟಾಟನ್ನು ಗೋಡೆಗೆ ಹೊಡೆದುಬಿಡುವುದು. ನೌಕರರು ಅದನ್ನು ತಿರುಗಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. 2003ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಈ ವಾಡಿಕೆಯ ಬಗ್ಗೆ ಬರೆದಿತ್ತು. ದೂರು ಕೊಡುವ ಹಕ್ಕು ಉಂಟು, ಕೇಳುವ ಕಿವಿ ಇಲ್ಲ.

ಯಾರ ಮೈ ಅಳತೆಗೋಲು

ಹಾಗಾದರೆ ಕಟ್ಟಡ ಕಟ್ಟುವವರು ಯಾವ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದ್ದರು? 1970ರಲ್ಲಿ ಡೆನ್ಮಾರ್ಕಿನ ಓಲೆ ಫ್ಯಾಂಗರ್ ಪ್ರಕಟಿಸಿದ ಲೆಕ್ಕಾಚಾರ ಜಗತ್ತಿನ ಕಚೇರಿಗಳ ಮಾನದಂಡಗಳಿಗೆ ಆಧಾರವಾಯಿತು. ಮೈಯಲ್ಲಿ ಹುಟ್ಟುವ ಶಾಖ, ಬಟ್ಟೆ, ಗಾಳಿ, ತೇವ ಎಲ್ಲವೂ ಅದರಲ್ಲಿವೆ. 2015ರಲ್ಲಿ ನೆದರ್‌ಲ್ಯಾಂಡ್ಸಿನ ಇಬ್ಬರು ಸಂಶೋಧಕರು ‘ನೇಚರ್ ಕ್ಲೈಮೇಟ್ ಚೇಂಜ್’ ಪತ್ರಿಕೆಯಲ್ಲಿ ಒಂದು ದೋಷ ತೋರಿಸಿದರು. ಮೈಶಾಖದ ಆ ಅಂಕಿ ಒಬ್ಬ ಸರಾಸರಿ ಗಂಡಸಿನದು, ಹೆಂಗಸರ ಮೈಶಾಖವನ್ನು ಅದು 35 ಶೇಕಡಾದವರೆಗೂ ಹೆಚ್ಚಾಗಿ ಎಣಿಸಬಹುದು ಎಂದರು. 2019ರಲ್ಲಿ ಬರ್ಲಿನ್‌ನ 500ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನದಲ್ಲಿ, ಕೋಣೆ ಬೆಚ್ಚಗಾದಂತೆ ಹೆಂಗಸರು ಗಣಿತ ಮತ್ತು ಭಾಷೆಯ ಲೆಕ್ಕಗಳನ್ನು ಹೆಚ್ಚು ಚೆನ್ನಾಗಿ ಮಾಡಿದರು. ಏಸಿ ಕಚೇರಿಗಳಲ್ಲಿ ಕುರ್ಚಿಯ ಬೆನ್ನಿಗೆ ಶಾಲು ನೇತುಹಾಕಿಕೊಂಡಿರುವ ಸಹೋದ್ಯೋಗಿಯನ್ನು ಕಂಡವರಿಗೆ ಇದು ಆಶ್ಚರ್ಯವಲ್ಲ.

ಹವೆಯೂ ಮೈಯನ್ನು ಬೇರೆ ಮಾಡುತ್ತದೆ. ನಮ್ಮ ರೂರ್ಕಿಯಲ್ಲಿ ಮತ್ತು ಬಾಗ್ದಾದಿನಲ್ಲಿ ಕಲೆಹಾಕಿದ್ದ ಅವಲೋಕನಗಳನ್ನು 1974ರಲ್ಲಿ ಬ್ರಿಟನ್ನಿನ ಫರ್ಗಸ್ ನಿಕೋಲ್ ವಿಶ್ಲೇಷಿಸಿದರು. ಗಾಳಿ ಆಡುತ್ತಿದ್ದರೆ 30 ಡಿಗ್ರಿ ದಾಟಿದರೂ ಜನ ಹಾಯಾಗಿರಬಲ್ಲರೆಂದು ಅದು ತೋರಿಸಿತು. ಜನ ತಮ್ಮ ಹವೆಗೆ ಹೊಂದಿಕೊಳ್ಳುತ್ತಾರೆ ಎಂಬ ವಾದಕ್ಕೆ ಇಂಥ ಕೆಲಸಗಳು ಬುನಾದಿಯಾದವು. ಈಗ ಭಾರತದಲ್ಲೂ ಸರ್ಕಾರ ಗುಬುಟಿಗೆ ಕೈ ಹಾಕಿದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಕೋಣೆ ಎಸಿಗಳು 24 ಡಿಗ್ರಿಯಲ್ಲೇ ಶುರುವಾಗಬೇಕು, ಬೇಕಿದ್ದವರು ಬದಲಿಸಿಕೊಳ್ಳಬಹುದು. 2025ರ ಜೂನ್‌ನಲ್ಲಿ ಹೊಸ ಎಸಿಗಳನ್ನು 20ರಿಂದ 28 ಡಿಗ್ರಿಯೊಳಗೇ ಕಟ್ಟಿಹಾಕುವ ಆಲೋಚನೆಯನ್ನು ಕೇಂದ್ರ ವಿದ್ಯುತ್ ಸಚಿವರು ಪ್ರಕಟಿಸಿದರು. ಒಂದೇ ವಿದ್ಯುತ್ ಜಾಲ, ಕೋಟಿಗಟ್ಟಲೆ ರಿಮೋಟುಗಳು. ಪ್ರಶ್ನೆ ಅದೇ, ಮನೆ ಮಾತ್ರ ದೊಡ್ಡದು.

ಪಾಸ್‌ವರ್ಡ್ ಯಾರದು

ಸ್ಮಾರ್ಟ್ ಥರ್ಮೋಸ್ಟಾಟ್ ಒಂದು ವಿಷಯದಲ್ಲಿ ನಿಜಕ್ಕೂ ಹೊಸದು. ಹಳೆಯ ದುಂಡು ಪೆಟ್ಟಿಗೆಯ ಮೇಲೆ ಅಪ್ಪನ ಕಾವಲಿದ್ದರೂ ಅಪ್ಪ ಮನೆಯಲ್ಲಿ ಇರಬೇಕಿತ್ತು. ಅವರು ಹೊರಹೋದ ಮೇಲೆ ಅಮ್ಮ ತಿರುಗಿಸಬಹುದಿತ್ತು. ಗೋಡೆಯ ಮೇಲಿದ್ದದ್ದು ಎಲ್ಲರ ಕೈಗೂ ಎಟುಕುತ್ತಿತ್ತು. ಈಗ ಗುಬುಟು ಗೋಡೆ ಬಿಟ್ಟು ಒಬ್ಬರ ಮೊಬೈಲ್ ಖಾತೆಯೊಳಗೆ ಹೋಗಿದೆ. 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಕೌಟುಂಬಿಕ ದೌರ್ಜನ್ಯದ ಹೊಸ ಮುಖವೊಂದನ್ನು ವರದಿ ಮಾಡಿತು. ಮನೆಯಲ್ಲಿಲ್ಲದ, ಕೆಲವೊಮ್ಮೆ ಮನೆಬಿಟ್ಟುಹೋದ ಗಂಡಸರು ದೂರದಿಂದಲೇ ದೀಪ, ಬೀಗ, ಥರ್ಮೋಸ್ಟಾಟುಗಳನ್ನು ಬದಲಿಸುತ್ತ ಒಳಗಿದ್ದ ಹೆಂಗಸರನ್ನು ಕಾಡುತ್ತಿದ್ದರು. ಆ ಸಾಧನಗಳನ್ನು ಹೆಚ್ಚಾಗಿ ಹೊಂದಿಸಿದ್ದವರು ಅವರೇ, ಪಾಸ್‌ವರ್ಡ್ ಅವರಲ್ಲೇ ಇತ್ತು. ಕೋಣೆಗೊಂದು ಥರ್ಮೋಸ್ಟಾಟ್ ಇದ್ದರೂ ಖಾತೆ ಒಬ್ಬನದಾದರೆ ಯಜಮಾನ ಒಬ್ಬನೇ.

ಇದಕ್ಕೆ ಎದುರಾಗಿ ನ್ಯೂಯಾರ್ಕ್ ನಗರದ ಹಳೆಯ ಮಾದರಿಯ ಕಾನೂನನ್ನು ಇಡಬಹುದು. ಅಲ್ಲಿನ ಬಾಡಿಗೆಮನೆಗಳಲ್ಲಿ ಬಾಯ್ಲರು ಸಾಮಾನ್ಯವಾಗಿ ಮನೆಮಾಲೀಕರ ಕೈಯಲ್ಲಿ, ಬಾಡಿಗೆದಾರರಿಗೆ ಥರ್ಮೋಸ್ಟಾಟೇ ಇಲ್ಲದಿರಬಹುದು. ಆದರೆ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹಗಲಲ್ಲಿ ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಾದರೆ ಮನೆಯೊಳಗೆ ಕನಿಷ್ಠ 68 ಇರಲೇಬೇಕು. ರಾತ್ರಿ ಹೊರಗೆ ಎಷ್ಟೇ ಇರಲಿ, ಒಳಗೆ ಕನಿಷ್ಠ 62. ಇಲ್ಲದಿದ್ದರೆ ನಗರಕ್ಕೆ ದೂರು ಕೊಡಬಹುದು, ಮಾಲೀಕರಿಗೆ ದಂಡ ಬೀಳುತ್ತದೆ. ಗುಬುಟು ಕೈಯಲ್ಲಿಲ್ಲದವರಿಗೂ ಕಾವಿನ ಮೇಲೆ ಹಕ್ಕಿದೆ ಎಂದು ಈ ಕಾನೂನು ಒಪ್ಪುತ್ತದೆ. ಸಾಧನಗಳು ಕೊಡಲಾರದ್ದನ್ನು ಕೆಲವೊಮ್ಮೆ ಒಂದು ಸಾದಾ ನಿಯಮ ಕೊಡುತ್ತದೆ.

ಒಂದು ಯಂತ್ರಕ್ಕೆ ಹಲವು ಥರ್ಮೋಸ್ಟಾಟ್ ಜೋಡಿಸಲು ಹೊರಟವರು ತಂತಿಯ ಬಣ್ಣಗಳ ಜೊತೆಗೆ ಇನ್ನು ಮೂರು ವಿಷಯ ಕೇಳಿಕೊಳ್ಳಬೇಕೆಂದು ನನಗನ್ನಿಸುತ್ತದೆ. ಅಳೆಯುವ ಪೆಟ್ಟಿಗೆ ಯಾರು ಮಲಗುವ ಕೋಣೆಯಲ್ಲಿದೆ? ಇಬ್ಬರು ಬೇರೆ ಬೇರೆ ಕೇಳಿದಾಗ ಯಾರು ಕಾಯಬೇಕೆಂದು ಬರೆದಿಟ್ಟವರು ಯಾರು? ಆ ಬರಹವನ್ನು ಬದಲಿಸುವ ಪಾಸ್‌ವರ್ಡ್ ಮನೆಯಲ್ಲಿ ಎಷ್ಟು ಜನರಿಗೆ ಗೊತ್ತು? ಮೊದಲೆರಡನ್ನು ಫಲಕ ಹಾಕಲು ಬಂದ ಮೆಕ್ಯಾನಿಕ್ಕೇ ಕೇಳಿಯಾನು. ಮೂರನೆಯದನ್ನು ಮನೆಯವರೇ ಕೂತು ಮಾತಾಡಿಕೊಳ್ಳಬೇಕು.